ಅಗ್ನಿದೇವರ ಲೈಸೆನ್ಸು

ಆ ಶನಿವಾರ ಬೆಳಿಗ್ಗೆ ಟಾಲಾದಲ್ಲಿ ಮಳೆ ಇರಲಿಲ್ಲ. ಗಾಳಿಯೂ ಇರಲಿಲ್ಲ. ಐರ್ಲೆಂಡಿನಲ್ಲಿ ಇವೆರಡೂ ಒಟ್ಟಿಗೆ ರಜೆ ಹಾಕುವುದು ಅಪರೂಪ. ಜನ ಅದನ್ನು ದೇವರ ಕೃಪೆಯೆಂದೇ ತಿಳಿದು, ಒಗೆದ ಬಟ್ಟೆಯನ್ನೆಲ್ಲ ಹಿತ್ತಲಿನ ತಂತಿಗೆ ಹಾಕಿಬಿಟ್ಟಿದ್ದರು. ಆಕಾಶ ಮಾತ್ರ ಬೂದು ಕಂಬಳಿಯ ಹಾಗೆ ಮನೆಗಳ ಮಾಡಿನವರೆಗೂ ಇಳಿದು ಕೂತಿತ್ತು. ಚಿಮಣಿಗಳಿಂದ ಹೊರಟ ಹೊಗೆಗೆ ಮೇಲೆ ಹೋಗಲು ಮನಸ್ಸಿಲ್ಲ. ಹೊರಬಂದು, ಅತ್ತಿತ್ತ ನೋಡಿ, ಮಾಡಿನ ಮೇಲೇ ಮಲಗುತ್ತಿತ್ತು. ಇಂಥ ದಿನ ಹೊಗೆ ಎಲ್ಲಿ ಹುಟ್ಟಿತೋ ಅಲ್ಲೇ ಬಾಳುತ್ತದೆ. ಇದನ್ನು ಬಲ್ಲವರು ಅಂದು ಬೆಂಕಿ ಹಚ್ಚುವುದಿಲ್ಲ. ಸುಬ್ರಾಯ ಬಲ್ಲವನೆಂದು ಬೀದಿಯೆಲ್ಲ ನಂಬಿತ್ತು. ಸುಬ್ರಾಯ ಹಚ್ಚಿದ.

ಸುಬ್ರಾಯ ಸ್ಯಾಂಡಿಫರ್ಡಿನ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಕಸ ಸುಡುವ ದೊಡ್ಡ ಸ್ಥಾವರಗಳ ಚಿಮಣಿಯಿಂದ ಗಾಳಿಗೆ ಏನೇನು ಸೇರುತ್ತಿದೆ ಎಂಬುದನ್ನು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರು ಆ ಕಂಪನಿಯದು. ಮಿತಿಯೊಳಗಿದ್ದರೆ ಅಂಕಿ ಹಸಿರು, ಮೀರಿದರೆ ಕೆಂಪು. ಕೆಂಪಾಗಬೇಕಾದಾಗ ಕೆಂಪಾಗುತ್ತದೆಯೇ ಎಂದು ನೋಡುವುದು ಸುಬ್ರಾಯನ ಕೆಲಸ. ಆ ಅಂಕಿ ಯಾವುದರದು, ಆ ಮಿತಿಯನ್ನು ಹಾಕಿದವರು ಯಾರು ಎಂದು ಅವನು ಎಂದೂ ಕೇಳಿರಲಿಲ್ಲ, ಅವನಿಗೆ ಯಾರೂ ಹೇಳಿರಲೂ ಇಲ್ಲ. ಮಂತ್ರದ ಅರ್ಥ ತಿಳಿಯದೆಯೂ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಭಕ್ತರಿದ್ದಾರಲ್ಲ, ಆ ನಿಷ್ಠೆ ಅವನದು. ಭಗವಂತ ಅಂಥವರನ್ನೂ ಕಾಯುತ್ತಾನೆ. ಎಲ್ಲಿಯವರೆಗೆ ಅವರು ಸುಮ್ಮನಿರುತ್ತಾರೋ ಅಲ್ಲಿಯವರೆಗೆ.

ಸುಮ್ಮನಿರದಂತೆ ಮಾಡಿದವರು ಅತ್ತೆ ಅಕ್ಕಮ್ಮನವರು. ಮೈಸೂರಿನಿಂದ ಮೂರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದರು. ಮಗಳು ವಂದನಾ ಆಸ್ಪತ್ರೆಯಲ್ಲಿ ಡಾಕ್ಟರು. ಅದರಲ್ಲಿ ಯಾರಿಗೂ ಗೊಂದಲವಿಲ್ಲ. ಅಳಿಯ 'ಟೆಸ್ಟಿಂಗ್' ಎಂದು ಮಾತ್ರ ಅಕ್ಕಮ್ಮನವರಿಗೆ ಗೊತ್ತಿತ್ತು. ಬಂದ ದಿನವೇ ಊಟಕ್ಕೆ ಕೂತಾಗ ಅವರು ಬಹಳ ಮರ್ಯಾದೆಯಿಂದ, "ಅಳಿಯಂದ್ರೇ, ನೀವು ವಂದನಾ ಆಸ್ಪತ್ರೇಲೇ ಟೆಸ್ಟಿಂಗ್ ಮಾಡೋದಾ? ರಕ್ತದ್ದಾ, ಇನ್ನೊಂದರದ್ದಾ?" ಎಂದು ವಿಚಾರಿಸಿದರು.

ಸುಬ್ರಾಯನ ಕೈಯಲ್ಲಿದ್ದ ಹಪ್ಪಳ ಮುರಿಯಿತು. "ಈ ದೇಶದ ಹೊಗೆಯೆಲ್ಲ ನನ್ನ ಕೈಕೆಳಗೆ ಬರುತ್ತೆ ಅತ್ತೆ," ಎಂದುಬಿಟ್ಟ.

ವಂದನಾ ಗಂಡನ ಮುಖ ನೋಡಿ, ಮೊಸರು ಬಡಿಸಿದಳು.

ಮಾರನೆಯ ದಿನ ಅಕ್ಕಮ್ಮನವರು ಈ ಸಂಗತಿಯನ್ನು ಬೇಲಿಯಾಚೆಗಿನ ಬ್ರೀಡಾ ನೋಲನ್ ಅವರಿಗೆ ತಿಳಿಸಿದರು. ಅಕ್ಕಮ್ಮನವರ ಬಾಯಲ್ಲಿ ಅವರು ಬ್ರೀಡಮ್ಮ. ಇಬ್ಬರ ನಡುವೆ ಭಾಷೆ ಇರಲಿಲ್ಲ. ಮೊಮ್ಮಗಳು ಕೃತಿ ಇದ್ದಳು. ಮೂರನೇ ಕ್ಲಾಸಿನ ಈ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಟಾಲಾದ ರಾಗದ ಇಂಗ್ಲಿಷಿನಲ್ಲಿ ಬರುತ್ತದೆ. "ಮೈ ಡ್ಯಾಡ್ ಈಸ್ ದ ಬಾಸ್ ಆಫ್ ಆಲ್ ದ ಸ್ಮೋಕ್ ಇನ್ ಐರ್ಲೆಂಡ್, ಲೈಕ್," ಎಂದು ಅವಳು ಸಂಕ್ಷೇಪಿಸಿದಳು.

ಬ್ರೀಡಮ್ಮ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಬಡಾವಣೆಯಾಚೆ ಹಳೆಯ ಕಲ್ಲುಕ್ವಾರಿಯ ಜಾಗದಲ್ಲಿ ಕಸ ಸುಡುವ ಇನ್ಸಿನರೇಟರು ಬರುತ್ತದಂತೆ ಎಂಬ ಗಾಳಿಮಾತು ಎದ್ದಾಗಿನಿಂದ ಸಂಘಕ್ಕೆ ನಿದ್ದೆಯಿರಲಿಲ್ಲ. ವಿರೋಧಿಸಬೇಕೆಂದು ಎಲ್ಲರೂ ಒಪ್ಪಿದ್ದರು. ಯಾವುದನ್ನು ವಿರೋಧಿಸುತ್ತಿದ್ದೇವೆ ಎಂದು ತಿಳಿಸುವವರು ಬೇಕಾಗಿದ್ದರು. ಅಂಥವನು ಬೇಲಿಯ ಪಕ್ಕದಲ್ಲೇ ವಾಸವಾಗಿದ್ದಾನೆ, ತಮ್ಮ ಹುಲ್ಲು ಕತ್ತರಿಸುವ ಯಂತ್ರವನ್ನು ಕೇಳಿ ಒಯ್ಯುತ್ತಾನೆ ಎಂದು ತಿಳಿದು ಬ್ರೀಡಮ್ಮನಿಗೆ ಕಣ್ಣು ತುಂಬಿತು. ಚರ್ಚಿನ ಹಾಲಿನಲ್ಲಿ ಸಭೆ ಗೊತ್ತಾಯಿತು. ಅಧ್ಯಕ್ಷರು ಚರ್ಚಿನ ಫಾದರ್, ಭಾಷಣಕಾರ ಸುಬ್ರಾಯ.

ಅವನು ಎರಡು ಸಂಜೆ ಕೂತು ಓದಿದ. ತಾನು ಇಷ್ಟು ವರ್ಷ ಬಣ್ಣ ನೋಡುತ್ತಿದ್ದ ಅಂಕಿಗಳಿಗೆ ಅರ್ಥವಿದೆ ಎಂದು ಅರಿವಾದಾಗ ಅವನಿಗೆ ಆದ ಆನಂದ ಸಾಮಾನ್ಯದ್ದಲ್ಲ. ಸಭೆಯಲ್ಲಿ ಅವನು ಚೆನ್ನಾಗಿಯೇ ಮಾತಾಡಿದ; ಮುಂದಿನ ಅನರ್ಥಕ್ಕೆ ಅದೇ ಮೂಲ. ಹೊಗೆಗೆ ಅರ್ಧ ಗಂಟೆಯ ಸರಾಸರಿಗೊಂದು ಮಿತಿ ಇದೆ, ಇಡೀ ದಿನದ ಸರಾಸರಿಗೆ ಅದಕ್ಕಿಂತ ಬಿಗಿಯಾದ ಇನ್ನೊಂದು ಮಿತಿ ಇದೆ, ಮಗು ಅರ್ಧ ಗಂಟೆ ರಚ್ಚೆ ಹಿಡಿದರೆ ತಡೆದುಕೊಳ್ಳಬಹುದು, ದಿನವಿಡೀ ಹಿಡಿದರೆ ಆಗುವುದಿಲ್ಲ, ಹಾಗೆ, ಎಂದ. ತಾಯಂದಿರು ತಲೆದೂಗಿದರು. ಚಿಮಣಿಯಲ್ಲಿ ಆಮ್ಲಜನಕವನ್ನು ಏಕೆ ಅಳೆಯುತ್ತಾರೆ ಎಂದು ಯಾರೋ ಕೇಳಿದರು. ಉಪ್ಪು ಹೆಚ್ಚಾದ ಸಾರಿಗೆ ನೀರು ಸುರಿದು, ನೋಡಿ ಉಪ್ಪು ಕಡಿಮೆ ಅನ್ನುವವರಿದ್ದಾರೆ. ಹೊಗೆಗೂ ಗಾಳಿ ಬೆರೆಸಿ ಹಾಗೆ ಮೋಸ ಮಾಡಬಹುದು. ನಿಯಮವು ಆಮ್ಲಜನಕ ಅಳೆದು, ನೀನು ಎಷ್ಟು ನೀರು ಸುರಿದಿದ್ದೀಯೆಂದು ಲೆಕ್ಕ ಹಾಕಿ, ಸಾರನ್ನು ಮತ್ತೆ ಗಟ್ಟಿ ಮಾಡಿ ಉಪ್ಪು ನೋಡುತ್ತದೆ, ಎಂದ. ಐರಿಷ್ ಜನಕ್ಕೆ ಸಾರು ತಿಳಿಯದೆಂದು ಸ್ಟ್ಯೂ ಎಂದ. ಡಯಾಕ್ಸಿನ್ ಎಂಬ ವಿಷಕ್ಕೆ ಇರುವ ಮಿತಿ ಒಂದು ಘನಮೀಟರ್ ಹೊಗೆಯಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು, ಅದರಲ್ಲೂ ಹತ್ತರಲ್ಲೊಂದು ಪಾಲು ಎಂದಾಗ ಹಾಲಿನಲ್ಲಿ ಯಾರೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬ್ರೀಡಮ್ಮನ ಗಂಡ ಜೆರಿ ಎದ್ದು, ತಾನು ಹಿತ್ತಲಲ್ಲಿ ಡ್ರಮ್ಮಿನೊಳಗೆ ಹಳೆಯ ಕುರ್ಚಿ ಸುಡುವುದು ತಪ್ಪೇ ಎಂದು ಕೇಳಿದ. ಚಪ್ಪಾಳೆಯ ಬಿಸಿಯಲ್ಲಿದ್ದ ಸುಬ್ರಾಯ ಕೈಯೆತ್ತಿ ಹೇಳಿದ: ಕಾನೂನು ಒಲೆಯ ಗಾತ್ರ ನೋಡುವುದಿಲ್ಲ, ಸುಡುವ ವಸ್ತು ಕಸವೇ ಎಂದು ನೋಡುತ್ತದೆ. ಯಾವುದನ್ನು ಅದರ ಒಡೆಯನೇ ಇನ್ನು ಇದು ನನ್ನದಲ್ಲ ಎಂದು ಬಿಟ್ಟುಬಿಟ್ಟನೋ ಅದು ಕಸ. ಅದನ್ನು ಬಕೆಟ್ಟಿನಲ್ಲಿ ಸುಟ್ಟರೆ ಆ ಬಕೆಟ್ಟೇ ಇನ್ಸಿನರೇಟರು.

ಕಾನೂನು ಅಷ್ಟು ದೂರ ಹೋಗುತ್ತದೆಯೋ ಇಲ್ಲವೋ, ಸಭೆ ಹೋಯಿತು. ಎಲ್ಲರೂ ಎದ್ದು ನಿಂತರು. ಈ ಬಡಾವಣೆಯಲ್ಲಿ ದೊಡ್ಡದಾಗಲಿ ಚಿಕ್ಕದಾಗಲಿ ಯಾವ ಇನ್ಸಿನರೇಟರಿಗೂ ಎಡೆಯಿಲ್ಲವೆಂದು ಒಕ್ಕೊರಲಿನ ನಿರ್ಣಯವಾಯಿತು. ಜೆರಿ ಮರುದಿನವೇ ಡ್ರಮ್ಮನ್ನು ಕವುಚಿ ಹಾಕಿ, ಅದರ ಮೇಲೆ ಹೂಕುಂಡ ಇಟ್ಟ.

ಇನ್ನು ಹೋಮದ ವಿಷಯ. ಹಿಂದಿನ ಚಳಿಗಾಲದಲ್ಲಿ ಕೃತಿಗೆ ನ್ಯುಮೋನಿಯ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಳು. ಮೈಸೂರಿನಲ್ಲಿ ಫೋನು ಕಿವಿಗೊತ್ತಿಕೊಂಡೇ ಅಕ್ಕಮ್ಮನವರು ಹರಕೆ ಹೊತ್ತರು: ಮಗು ಎದ್ದು ಓಡಾಡಿದರೆ ಅವಳು ಹುಟ್ಟಿದ ತಿಂಗಳಲ್ಲಿ, ಜನ್ಮನಕ್ಷತ್ರದಂದು ತಾವೇ ಮುಂದೆ ಕೂತು ಆಯುಷ್ಯಹೋಮ ಮಾಡಿಸಿ, ಹೋಮದ ಬೂದಿಯ ರಕ್ಷೆಯನ್ನು ತಮ್ಮ ಕೈಯಿಂದಲೇ ಅವಳ ಹಣೆಗಿಡುತ್ತೇನೆ ಎಂದು. ಮಗು ಎದ್ದಳು, ಈಗ ಕೋಲು ಹಿಡಿದು ಕ್ಯಾಮೋಗಿ ಆಡುತ್ತ ಬೇರೆ ಮಕ್ಕಳ ಮೊಣಕಾಲು ಒಡೆಯುವಷ್ಟು ಗಟ್ಟಿಯಾಗಿದ್ದಳು. ನಕ್ಷತ್ರ ಈ ಶನಿವಾರ ಬಿದ್ದಿತ್ತು. ಗುರುವಾರ ಅಕ್ಕಮ್ಮನವರ ವಿಮಾನ. ಮಂಡಿ ನೋವಿಗೆ ಇನ್ನೊಮ್ಮೆ ಇಷ್ಟು ದೂರ ಬರಲಾರೆ ಎಂದು ಅವರೇ ಹೇಳಿಯಾಗಿತ್ತು. ಹರಕೆ ತೀರುವುದಾದರೆ ಈಗ, ಇಲ್ಲದಿದ್ದರೆ ಇಲ್ಲ.

ಬಾಡಿಗೆ ಮನೆಯೊಳಗೆ ಊದುಬತ್ತಿ ಹಚ್ಚಿದರೂ ಅಲಾರಂ ಕಿರುಚುತ್ತದೆ. ಆದ್ದರಿಂದ ಹಿತ್ತಲಿನಲ್ಲಿ ಇಟ್ಟಿಗೆ ಜೋಡಿಸಿ ಪುಟ್ಟ ಕುಂಡ ಕಟ್ಟಿದರು. ಪುರೋಹಿತನಾಗಿ ಉಲ್ಲಾಸ್ ಬಂದ. ಮೇನೂತಿನಲ್ಲಿ ಗಣಿತದ ಸಂಶೋಧನೆ ಮಾಡುವ ಹುಡುಗ. ಶನಿವಾರ ಭಾನುವಾರ ಮಾತ್ರ ಭಟ್ಟ. ರೈಲು ಹತ್ತಿ, ಲುವಾಸ್ ಎಂಬ ಟ್ರ್ಯಾಮಿಗೆ ಬದಲಿಸಿ, ಮಡಿಪಂಚೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಬಂದಿದ್ದ. ಮಂತ್ರ ಸ್ಫುಟವಾಗಿ ಹೇಳುತ್ತಿದ್ದ. ಒಂದೇ ದೋಷ: ಹೇಳಿದ್ದರ ಅರ್ಥ ವಿವರಿಸದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹೋಮ ಶುರುವಾಯಿತು. ತುಪ್ಪ ಬಿತ್ತು, ಹೊಗೆ ಎದ್ದಿತು, ಮೇಲೆ ಹೋಗಲಾರದೆ ಅಡ್ಡಡ್ಡ ಹೊರಟು ಬೇಲಿ ದಾಟಿತು. ಬೇಲಿಯಾಚೆ ಬ್ರೀಡಮ್ಮನ ಬಿಳಿ ಹೊದಿಕೆಗಳು ತೂಗುತ್ತಿದ್ದವು. ಬ್ರೀಡಮ್ಮ ಅವುಗಳನ್ನು ತೆಗೆಯಲು ಬಂದು, ಸಭ್ಯತೆಗೆ, ಗ್ರ್ಯಾಂಡ್ ಆದ ಬೆಳಿಗ್ಗೆ ಎಂದರು. ಏನು ನಡೆಯುತ್ತಿದೆ ಎಂದೂ ಕೇಳಿದರು. ಸುಬ್ರಾಯ ಬಾಯಿ ತೆರೆಯುವ ಮೊದಲೇ ಉಲ್ಲಾಸ್ ತುಪ್ಪ ಹಾಕುವ ಸ್ರುವ ಕೆಳಗಿಟ್ಟು, ಒಳ್ಳೆಯ ಇಂಗ್ಲಿಷಿನಲ್ಲಿ ವಿವರಿಸಿದ: ಒಂದೊಂದು ಸಲ ತುಪ್ಪ ಹಾಕಿದಾಗಲೂ ಯಜಮಾನ 'ನ ಮಮ' ಅನ್ನುತ್ತಾನೆ. ಅಂದರೆ, ಇನ್ನು ಇದು ನನ್ನದಲ್ಲ.

ಬ್ರೀಡಮ್ಮನ ಕೈಯಲ್ಲಿದ್ದ ಕ್ಲಿಪ್ಪು ಹಾಗೇ ನಿಂತಿತು. ಅವರು ಕುಂಡವನ್ನು ನೋಡಿದರು. ಸುಬ್ರಾಯನನ್ನು ನೋಡಿದರು. ಚರ್ಚಿನ ಹಾಲಿನಲ್ಲಿ ಎತ್ತಿದ್ದ ಅವನ ಕೈಯನ್ನೇ ನೋಡುತ್ತಿರುವ ಹಾಗಿತ್ತು. ತಿರುಗಿ ಒಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲೇ ನೋಲನ್ ಮನೆಯ ಅಡುಗೆಮನೆಯ ಕಿಟಕಿಯಲ್ಲಿ ಸಂಘದ ತುರ್ತುಸಭೆ ಕಾಣಿಸಿತು. ಚಹಾ ಕುಡಿಯುವ ತಲೆಗಳು, ಇತ್ತ ತಿರುಗುವ ತಲೆಗಳು. ಕೊನೆಗೆ ಜೆರಿಯನ್ನು ಹೊರಗೆ ಕಳಿಸಿದರು. ಅವನು ಬೇಲಿ ಹಿಡಿದು, ನೆಲ ನೋಡುತ್ತ, ಇದರಲ್ಲಿ ವೈಯಕ್ತಿಕವಾದ್ದು ಏನೂ ಇಲ್ಲ ಎಂದ. ಆ ಹೊಗೆಯಿಂದ ತಮಗೆ ತೊಂದರೆಯೂ ಇಲ್ಲ, ವಾಸನೆ ಚೆನ್ನಾಗಿಯೇ ಇದೆ. ಆದರೆ ಸುಬ್ರಾಯನೇ ಹೇಳಿದ ಪ್ರಕಾರ ಇದು ಇನ್ಸಿನರೇಟರು. ಇದನ್ನು ಬಿಟ್ಟರೆ ಕ್ವಾರಿಯವನನ್ನು ತಡೆಯಲು ಯಾವ ಮುಖ ಹೊತ್ತು ಹೋಗುವುದು? ಆದ್ದರಿಂದ ಬಹಳ ದುಃಖದಿಂದ ಕೌನ್ಸಿಲ್ಲಿಗೆ ಫೋನು ಮಾಡಿದ್ದೇವೆ ಎಂದು ತಿಳಿಸಿ, ತಾನು ಡ್ರಮ್ಮು ಕವುಚಿದ್ದನ್ನೂ ಮೆಲ್ಲಗೆ ನೆನಪಿಸಿ ಹೋದ.

ಕೌನ್ಸಿಲ್ಲಿನ ಪರಿಸರ ಅಧಿಕಾರಿ ಹತ್ತಿರದಲ್ಲೇ ಇದ್ದನಂತೆ, ಬಂದೇಬಿಟ್ಟ. ಡೆಕ್ಲನ್ ಎಂದು ಹೆಸರು. ಹೊಳೆಯುವ ಹಳದಿ ಜಾಕೆಟ್ಟು, ಸೌಮ್ಯ ಮುಖ, ಯಾವುದನ್ನೂ ಅರ್ಧಕ್ಕೆ ಬಿಡದ ಸ್ವಭಾವ. ಅಕ್ಕಮ್ಮನವರು ಅವನನ್ನು ಹೋಮಕ್ಕೆ ಬಂದ ಅತಿಥಿಯೆಂದು ತಿಳಿದು ಮಣೆ ಹಾಕಿ, ಬೂಟು ಬಿಚ್ಚುವಂತೆ ಕೈಸನ್ನೆ ಮಾಡಿದರು. ಡೆಕ್ಲನ್ ಬೂಟು ಬಿಚ್ಚಿ, ಹೆಬ್ಬೆರಳು ಕಾಣುವ ಕಾಲುಚೀಲದಲ್ಲಿ ಮಣೆಯ ಮೇಲೆ ಕೂತ. ಏನು ಸುಡುತ್ತಿದ್ದೀರಿ ಎಂದು ಕೇಳಿದ.

ವಂದನಾ ಗಂಡನ ಪಂಚೆಯ ಚುಂಗು ಎಳೆದು, "ರೀ, ಪೂಜೆ ಅಂತ ಒಂದೇ ಮಾತು ಹೇಳಿ, ಸಾಕು. ಹೊರಟೋಗ್ತಾರೆ," ಎಂದಳು.

ಒಳ್ಳೆಯ ಸಲಹೆ. ಆದರೆ ಡೆಕ್ಲನ್ ಎರಡನೆಯ ಮಾತಿಗೇ 'ಅರ್ಧ ಗಂಟೆಯ ಸರಾಸರಿ' ಎಂದುಬಿಟ್ಟ. ತನ್ನ ಸ್ವಂತ ಹಿತ್ತಲಿನಲ್ಲಿ, ಅತ್ತೆಯ ಎದುರಿನಲ್ಲಿ, ಒಬ್ಬ ಸರ್ಕಾರಿ ಮನುಷ್ಯ ತನ್ನನ್ನು ಆ ಪದ ಉಪಯೋಗಿಸಿ ಮಾತಾಡಿಸಿದ್ದು ಸುಬ್ರಾಯನ ಜನ್ಮದಲ್ಲೇ ಮೊದಲು. ಪೂಜೆ ಎಂಬ ಪದ ಅವನಿಗೆ ಮರೆತೇಹೋಯಿತು. ನಿಯಮದ ಪ್ರಕಾರ ಹೊಗೆ ಎಂಟುನೂರೈವತ್ತು ಡಿಗ್ರಿಯಲ್ಲಿ ಎರಡು ಸೆಕೆಂಡಾದರೂ ನಿಲ್ಲಬೇಕು. ಗಾಳಿ ಇಲ್ಲದ್ದರಿಂದ ನಿಲ್ಲುವುದಕ್ಕೆ ನಮ್ಮ ಹೊಗೆಗೆ ತೊಂದರೆಯಿಲ್ಲ, ಬಿಸಿ ಸ್ವಲ್ಪ ಸಾಲದು ಎಂದು ತಾನಾಗಿಯೇ ಒಪ್ಪಿಕೊಂಡ. ನಿರಂತರ ಮಾಪನ ಇದೆಯೇ ಎಂದು ಡೆಕ್ಲನ್ ಕೇಳಿದ. ಸುಬ್ರಾಯ ಒಳಗೆ ಓಡಿ, ಬಾಯ್ಲರಿನ ಪಕ್ಕದಲ್ಲಿದ್ದ ಕಾರ್ಬನ್ ಮಾನಾಕ್ಸೈಡಿನ ಅಲಾರಮ್ಮನ್ನು ಕಿತ್ತು ತಂದು, ಕಸಪೊರಕೆಯ ಕೋಲಿಗೆ ಕಟ್ಟಿ, ಕುಂಡದ ಮೇಲೆ ಹಿಡಿದು ನಿಂತ.

ಅಲ್ಲಿಂದ ಮುಂದೆ ಉಲ್ಲಾಸ್ ಸ್ವಾಹಾ ಎಂದಾಗಲೆಲ್ಲ ಅಲಾರಂ ಕಿರುಚಿತು. ಉಲ್ಲಾಸ್ ತಡೆದರೆ ಅದೂ ತಡೆಯಿತು. ಬೇಲಿಗುಂಟ ನಿಂತಿದ್ದ ಸಂಘದವರು ಮೊದಲು ಬೆಚ್ಚಿದರು, ಆಮೇಲೆ ಇದು ಪೂಜೆಯ ಗಂಟೆಯೆಂದು ತಿಳಿದು, ಕಿರುಚಿದಾಗಲೆಲ್ಲ ಟೋಪಿ ತೆಗೆದು ತಲೆಬಾಗಿಸಿದರು. ಅಕ್ಕಮ್ಮನವರಿಗೆ ಇವರ ಭಕ್ತಿ ಕಂಡು ಸಂತೋಷವಾಯಿತು. ಡೆಕ್ಲನ್ ಮಾತ್ರ ಅಳಿಯನ ಜೊತೆ ಇಷ್ಟು ಹೊತ್ತು ಏನು ಮಾತಾಡುತ್ತಿದ್ದಾನೆ ಎಂದು ಅವರು ಕೇಳಿದರು.

"ನನ್ನದಲ್ಲ ಅಂತ ಹಾಕಿದ್ದರಿಂದ ತುಪ್ಪ ಕಸ ಆಯ್ತಂತೆ ಅತ್ತೆ," ಎಂದ ಸುಬ್ರಾಯ.

"ನಮ್ಮದಲ್ಲ ಅಂದ್ರೆ ಕಸ ಹೆಂಗಾಗುತ್ತೆ? ಅಗ್ನೀದಾಯ್ತು ಅಂತ ಅರ್ಥ. ಹೇಳಿ ಅವರಿಗೆ."

ಇದು ಸರಿಯಾದ ಮಾತು. ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಸರಿಯಾದ ಮಾತು ಸರ್ಕಾರಿ ಕಿವಿಯಲ್ಲಿ ಬಿದ್ದು ಏನಾಗುತ್ತದೆ ಎಂಬುದು ದೈವಚಿತ್ತ. ಸುಬ್ರಾಯ ಅನುವಾದಿಸಿದ. ಡೆಕ್ಲನ್ ಬಹಳ ಗಂಭೀರನಾಗಿ, ಹಾಗಾದರೆ ಈ ಸ್ಥಾವರ ನಡೆಸುವವರು ನೀವಲ್ಲವೋ, ಎಂದ.

"ಅಲ್ಲ," ಎಂದ ಉಲ್ಲಾಸ್. ಸತ್ಯದ ವಿಷಯದಲ್ಲಿ ಅವನು ಬಿಟ್ಟುಕೊಡುವವನಲ್ಲ. "ಅಗ್ನಿ."

"ಮಿಸ್ಟರ್ ಅಗ್ನಿ ಈಗ ಇಲ್ಲಿದ್ದಾರಾ?"

"ಇದ್ದಾರೆ. ಬೆಳಿಗ್ಗೆಯೇ ಆವಾಹನೆ ಆಗಿದೆ."

"ಅವರಿಗೆ ಲೈಸೆನ್ಸ್ ಇದೆಯಾ?"

ಕೃತಿಗೆ ಅಧಿಕಾರಿಯ ಮೇಲೆ ಕನಿಕರ ಬಂದಿತು. "ಹೀ ಈಸ್ ದ ಫೈರ್, ಲೈಕ್," ಎಂದಳು.

"ಬೆಂಕಿಯೇ ನಡೆಸುವವರಾ?"

"ಯಾ."

ಉಲ್ಲಾಸ್‌ಗೆ ಇಷ್ಟು ಸಾಲದೆನಿಸಿತು. ಅಗ್ನಿ ತಾನೇ ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ, ಕೊಟ್ಟದ್ದನ್ನು ಬೇರೆ ಬೇರೆ ದೇವತೆಗಳಿಗೆ ಹೊತ್ತೊಯ್ದು ಮುಟ್ಟಿಸುತ್ತಾನೆ ಎಂದು ವಿವರಿಸಿದ. ಹಾಗಾದರೆ ಸಾಗಣೆಯ ಪರ್ಮಿಟ್ಟು ಬೇರೆ ಬೇಕಾಗುತ್ತದೆ ಎಂದು ಡೆಕ್ಲನ್ ನಿಟ್ಟುಸಿರು ಬಿಟ್ಟ.

ನೋಟೀಸನ್ನು ನಡೆಸುವವರ ಕೈಗೇ ಕೊಡಬೇಕು, ಅದು ಕ್ರಮ. ಡೆಕ್ಲನ್ ನೋಟೀಸು ಬರೆದು, ಲಕೋಟೆಗೆ ಹಾಕಿ, ಮಿಸ್ಟರ್ ಅಗ್ನಿಯವರ ಹೆಸರು ಹಾಕಿ, ಕಾಲುಚೀಲದಲ್ಲೇ ಕುಂಡದ ಬಳಿ ಬಂದು ಬಗ್ಗಿದ. ಅಗ್ನಿ ನಾಲಿಗೆ ಚಾಚಿದ. ಡೆಕ್ಲನ್ ಕೈ ಮುಂದೆ ಮಾಡಿದ; ಆಮೇಲೆ ನಿಂತ. ಈ ಕಾಗದವನ್ನು ಒಳಗೆ ಬಿಟ್ಟರೆ ತಾನು ಅದನ್ನು ಬಿಟ್ಟುಬಿಟ್ಟ ಹಾಗಾಗುತ್ತದೆ; ಬಿಟ್ಟದ್ದು ಕಸ; ಕೌನ್ಸಿಲ್ಲಿನ ಅಧಿಕಾರಿಯೇ ಲೈಸೆನ್ಸಿಲ್ಲದ ಇನ್ಸಿನರೇಟರಿಗೆ ಕಸ ಹಾಕಿದ ಹಾಗೆ. ಅವನ ಹಣೆಯ ಮೇಲೆ ಬೆವರು ಕಾಣಿಸಿತು. ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ಮೊದಲು ಮಾದರಿ ಪರೀಕ್ಷೆ ಆಗಲಿ, ಎಂದ.

ಪೂರ್ಣಾಹುತಿಯಾಗಿ ಬೆಂಕಿ ಆರಲು ಬಿಟ್ಟರು. ಡೆಕ್ಲನ್ ಅಲ್ಲಿಯವರೆಗೂ ಕಾದು, ಕೇಸರಿಬಾತು ತಿಂದು, ಎರಡನೆಯ ಸಲವೂ ಹಾಕಿಸಿಕೊಂಡು, ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಶೀಸೆ ತೆಗೆದ. ಶೀಸೆಯ ಮೇಲೆ ಗೆರೆ ಇತ್ತು, ಗೆರೆಯವರೆಗೆ ತುಂಬಬೇಕು. ಕುಂಡ ಪುಟ್ಟದು, ಬೂದಿ ಸ್ವಲ್ಪ. ಗೆರೆ ಮುಟ್ಟುವ ಹೊತ್ತಿಗೆ ಇಟ್ಟಿಗೆಯ ಸಂದಿಯಲ್ಲಿ ಒಂದಿಷ್ಟು ಮಾತ್ರ ಉಳಿಯಿತು. ಅವನು ಮುಚ್ಚಳ ಹಾಕಿ, ಅಂಟು ಪಟ್ಟಿ ಸುತ್ತಿ ಹೊರಟ. ಅವನು ಗೇಟು ದಾಟುತ್ತಿದ್ದಂತೆ ಜೆರಿ, ಬೆಳಿಗ್ಗೆಯಿಂದ ಕೊರೆಯುತ್ತಿದ್ದ ಮನಸ್ಸಿಗೆ ಏನಾದರೂ ಉಪಕಾರ ಮಾಡಬೇಕೆನಿಸಿ, ಕೆಂಡ ಉಳಿದಿದ್ದರೆ ಅಪಾಯವೆಂದು ಬೇಲಿಯಾಚೆಯಿಂದ ಪೈಪಿನಲ್ಲಿ ನೀರು ಹಾರಿಸಿದ. ಕುಂಡದಲ್ಲಿ ಉಳಿದಿದ್ದದ್ದು ಕೆಸರಾಗಿ ಹುಲ್ಲಿಗೆ ಹರಿದು ಹೋಯಿತು.

ಅಕ್ಕಮ್ಮನವರು ರಕ್ಷೆ ತೆಗೆಯಲು ಬೆಳ್ಳಿ ಬಟ್ಟಲಿನಲ್ಲಿ ತುಪ್ಪ ಹಾಕಿಕೊಂಡು ಒಳಗಿನಿಂದ ಬಂದಾಗ ಜೆರಿ ಹೆಮ್ಮೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಅವರು ಅಳಲಿಲ್ಲ, ಬಯ್ಯಲಿಲ್ಲ. ಬಟ್ಟಲನ್ನು ಒಳಗಿಟ್ಟು ಬಂದು, ಅಳಿಯನ ಎದುರು ಕುರ್ಚಿ ಎಳೆದು ಕೂತರು.

"ಹೊಗೆಯೆಲ್ಲ ನಿಮ್ಮ ಕೈಕೆಳಗೆ ಅಂದಿದ್ರಿ. ಹೊಗೆ ಬೇಡ. ಒಂದು ಚಿಟಿಕೆ ಬೂದಿ ತಂದುಕೊಡಿ. ಗುರುವಾರದೊಳಗೆ."

ಆಮೇಲೆ ಅವರು ಮಾತು ನಿಲ್ಲಿಸಿದರು. ಅಡುಗೆ ನಿಲ್ಲಿಸಲಿಲ್ಲ; ಉಪ್ಪು ನಿಲ್ಲಿಸಿದರು. ಉಪ್ಪಿಲ್ಲದ ಸಾರನ್ನು ವಂದನಾ ಎರಡು ಹೊತ್ತು ಉಂಡು, ಗಂಡನಿಗೆ, "ಇದಕ್ಕೆ ದಿನದ ಸರಾಸರಿ ನೋಡ್ತೀರಾ, ಅರ್ಧ ಗಂಟೇದಾ?" ಎಂದು ಕೇಳಿದಳು.

ಸೋಮವಾರ ಸುಬ್ರಾಯ ಆಫೀಸಿಗೆ ರಜೆ ಹಾಕಿ ಕೌನ್ಸಿಲ್ಲಿಗೆ ಹೋದ. ಕೌಂಟರಿನ ಹೆಂಗಸು ಬಹಳ ಒಳ್ಳೆಯವಳು. ಶೀಸೆ ದೂರಿನ ಸಾಕ್ಷ್ಯವಾಗಿ ದಾಖಲಾಗಿದೆ, ದೂರು ಇರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ, ಪರೀಕ್ಷೆಗೆ ಕೆಲವು ವಾರ ಹಿಡಿಯುತ್ತದೆ, ಮಿಕ್ಕಂತೆ ಎಲ್ಲ ಗ್ರ್ಯಾಂಡ್ ಎಂದಳು. ಒಂದು ಚಿಟಿಕೆಯಾದರೂ ಕೊಡಿ, ಅತ್ತೆಗೆ ಬೇಕು ಎಂದ. ಬೂದಿ ಯಾಕೆ ಬೇಕು ಎಂದಳು. ಇಲ್ಲಾದರೂ ಅವನು ಮಗು, ಜ್ವರ, ಹರಕೆ ಎಂದಿದ್ದರೆ ಆಗುತ್ತಿತ್ತೋ ಏನೋ. ಅವನು ಬೂದಿಯ ಇಂಗಾಲದ ಪ್ರಮಾಣಕ್ಕೂ ಒಂದು ಮಿತಿ ಇದೆ ಎಂದು ಶುರುಮಾಡಿದ. ಅವಳು ಬೇರೆ ಕೌಂಟರಿಗೆ ಕಳಿಸಿದಳು. ಅಲ್ಲಿ ಕಸದ ಡಬ್ಬಿಯ ಬಣ್ಣಗಳನ್ನು ವಿವರಿಸುವ ಪುಸ್ತಿಕೆ ಕೊಟ್ಟರು.

ಮಂಗಳವಾರ ಸಂಜೆ ಬ್ರೀಡಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಇಲ್ಲಿಯ ಕ್ರೈಸ್ತರಿಗೆ ಬುಧವಾರದಿಂದ ನಲವತ್ತು ದಿನದ ವ್ರತ. ಅದರ ಹಿಂದಿನ ದಿನ ಮನೆಮನೆಯಲ್ಲಿ ಪ್ಯಾನ್‌ಕೇಕು. ಅಕ್ಕಮ್ಮನವರು ಅದನ್ನು ಎತ್ತಿ, ತಿರುಗಿಸಿ ನೋಡಿ, ಹುಳಿ ಬರುವ ಮೊದಲೇ ಹೊಯ್ದ ದೋಸೆಯೆಂದು ತೀರ್ಮಾನಿಸಿ, ತಿಂದರು. ಮಾತಾಡಲಿಲ್ಲ. ಮುದುಕಿಗೆ ಏನಾಗಿದೆ ಎಂದು ಬ್ರೀಡಮ್ಮ ಕೃತಿಯನ್ನು ಕೇಳಿದರು. ಬೂದಿ ಹಣೆಗೆ ಇಡುವುದಕ್ಕೆ ಬೇಕಿತ್ತು, ತನ್ನ ಹಣೆಗೆ, ತಾನು ಸಾಯದೆ ಬದುಕಿದ್ದಕ್ಕೆ, ಎಂದು ಕೃತಿ ಪ್ಯಾನ್‌ಕೇಕು ಅಗಿಯುತ್ತ ಹೇಳಿದಳು.

ಬ್ರೀಡಮ್ಮ ತಟ್ಟೆಯ ಬಟ್ಟೆಯನ್ನು ಮಡಚಿದರು. ಆಮೇಲೆ, ಹಣೆಗೆ ಬೂದಿ ಇಡುವುದು ನಮ್ಮಲ್ಲೂ ಇದೆ, ನಾಳೆಯೇ ಇಡುತ್ತೇವೆ ಎಂದರು.

ಸುಬ್ರಾಯನಿಗೆ ಯಾವ ದುರುದ್ದೇಶವೂ ಇರಲಿಲ್ಲ. ಮಾತಿಗೆ ಮಾತು ಸೇರಲಿ ಎಂದಷ್ಟೇ, ನಿಮ್ಮ ಬೂದಿ ಎಲ್ಲಿಂದ ಬರುತ್ತದೆ ಎಂದು ಕೇಳಿದ.

ಹೋದ ವರ್ಷ ಹಬ್ಬದಲ್ಲಿ ಹಂಚಿದ ತಾಳೆಗರಿಗಳನ್ನು ಜನ ವರ್ಷವಿಡೀ ಮನೆಯಲ್ಲಿಟ್ಟುಕೊಂಡು, ಆಮೇಲೆ ಚರ್ಚಿಗೆ ತಂದು ಬಿಟ್ಟು ಹೋಗುತ್ತಾರೆ. ಫಾದರ್ ಅವನ್ನು ಚರ್ಚಿನ ಹಿಂದೆ ಹಳೆಯ ಪೇಂಟ್ ಬಕೆಟ್ಟಿನಲ್ಲಿ ಸುಟ್ಟು ಬೂದಿ ಮಾಡುತ್ತಾರೆ, ಎಂದು ಬ್ರೀಡಮ್ಮ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು.

"ತಂದು ಬಿಟ್ಟು ಹೋಗ್ತಾರಾ?" ಎಂದ ಸುಬ್ರಾಯ, ವೃತ್ತಿಪರ ಕುತೂಹಲದಿಂದ. "ಬಕೆಟ್ಟಿನಲ್ಲಾ?"

ಬ್ರೀಡಮ್ಮ ಕುರ್ಚಿಯಲ್ಲಿ ಕೂತರು. ನಿರ್ಣಯ ಆಗಿದ್ದು ಫಾದರರ ಹಾಲಿನಲ್ಲೇ, ಫಾದರರ ಅಧ್ಯಕ್ಷತೆಯಲ್ಲೇ. ದೊಡ್ಡದಾಗಲಿ ಚಿಕ್ಕದಾಗಲಿ. ಅವರು ನೀರು ಕೇಳಿ ಕುಡಿದು, ನಾಳೆ ಬೆಳಿಗ್ಗೆ ಕೌನ್ಸಿಲ್ಲಿನ ಆಫೀಸು ತೆರೆಯುವುದು ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡು, ತಟ್ಟೆಯನ್ನೂ ಮರೆತು ಹೋದರು. ಬೆಳಿಗ್ಗೆ ಕೌನ್ಸಿಲ್ಲಿನ ಫೋನು ಎತ್ತಿದವರಿಗೆ ಕೇಳಿಸಿದ ಮೊದಲ ದನಿ ಬ್ರೀಡಮ್ಮನದು. ದೂರು ವಾಪಸಾಯಿತು. ಕಾರಣವೇನೆಂದು ಕೇಳಿದ್ದಕ್ಕೆ, ದೇವರಿಗೆ ಗೊತ್ತು, ನಿಮಗೆ ಗೊತ್ತಾಗುವುದು ಬೇಡ ಎಂದರಂತೆ.

ಇದ್ಯಾವುದೂ ಅಕ್ಕಮ್ಮನವರಿಗೆ ತಿಳಿಯದು. ಬುಧವಾರ ಮಧ್ಯಾಹ್ನ ಅವರು ಮೈಸೂರಿಗೆ ಚಾಕೊಲೇಟು ಕೊಳ್ಳಲು ಮಗಳು ಮೊಮ್ಮಗಳ ಜೊತೆ ಶಾಪಿಂಗ್ ಸೆಂಟರಿಗೆ ಹೋದರು. ಬಸ್ಸಿನ ಡ್ರೈವರನ ಹಣೆಯಲ್ಲಿ ಬೂದಿ. ಬಾಗಿಲಲ್ಲಿ ನಿಂತ ಕಾವಲಿನವನ ಹಣೆಯಲ್ಲಿ ಬೂದಿ. ಚಾಕೊಲೇಟು ಕಟ್ಟಿಕೊಟ್ಟ ಹುಡುಗಿಯ ಹಣೆಯಲ್ಲಿ, ಮಗು ತಳ್ಳಿಕೊಂಡು ಹೋಗುವ ತಾಯಿಯ ಹಣೆಯಲ್ಲಿ, ಬೆಂಚಿನ ಮೇಲೆ ಕೂತ ಮುದುಕರ ಸಾಲು ಸಾಲು ಹಣೆಗಳಲ್ಲಿ ಬೂದಿ. ಅಕ್ಕಮ್ಮನವರು ಮಗಳ ತೋಳು ಹಿಡಿದುಕೊಂಡರು.

"ವಂದನಾ, ಆ ಹೊಗೆ ಇನ್ಸ್‌ಪೆಕ್ಟ್ರು ನಮ್ಮ ರಕ್ಷೇನ ಊರಿಗೆಲ್ಲ ಹಂಚಿಬಿಟ್ಟಿದ್ದಾರೆ ಕಣೇ."

ವಂದನಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾಲ್ಕು ದಿನದಿಂದ ಅಮ್ಮ ಆಡಿದ ಮೊದಲ ಮಾತು ಅದು. ಅಕ್ಕಮ್ಮನವರು ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಹಣೆಗಳನ್ನು ನೋಡಿದರು. ಮೊದಲು ಸಿಟ್ಟು ಬಂದಿತ್ತು. ಆಸ್ಪತ್ರೆಯ ಎದುರಿನ ಸ್ಟಾಪಿನಲ್ಲಿ, ಕೈಗೆ ಪ್ಲಾಸ್ಟರು ಹಾಕಿಕೊಂಡ ಒಂದು ಮಗು ಬೂದಿಯಿಟ್ಟುಕೊಂಡು ಹತ್ತಿದಾಗ ಅದು ಹೋಯಿತು. ಇರಲಿ, ಎಲ್ಲರ ಮಕ್ಕಳಿಗೂ ಆಯುಸ್ಸು ಬೇಕು, ಎಂದರು. ಆಮೇಲೆ ಮೆಲ್ಲಗೆ, "ನಮ್ಮ ಮಗೂಗೆ ಒಂದಿಷ್ಟು ಉಳಿಸಿದ್ದಾರೋ ಇಲ್ವೋ," ಎಂದರು.

ಮನೆ ಮುಟ್ಟಿದಾಗ ಗೇಟಿನ ಬಳಿ ಡೆಕ್ಲನ್ ನಿಂತಿದ್ದ. ಹಳದಿ ಜಾಕೆಟ್ಟು ಇರಲಿಲ್ಲ. ಹಣೆಯಲ್ಲಿ ಬೂದಿ ಇತ್ತು. ಕೈಯಲ್ಲಿ ಶೀಸೆ, ಅದು ಗೆರೆಯವರೆಗೂ ತುಂಬಿಯೇ ಇತ್ತು.

ಅಕ್ಕಮ್ಮನವರು ಅವನ ಹಣೆ ನೋಡಿದರು. ಶೀಸೆ ನೋಡಿದರು. ಮತ್ತೆ ಹಣೆ ನೋಡಿದರು. ಬಸ್ಸು, ಅಂಗಡಿ, ಬೆಂಚು, ಇಡೀ ಟಾಲಾ ಅವರ ಕಣ್ಣ ಮುಂದೆ ಬಂದಿರಬೇಕು.

"ಇಷ್ಟು ಜನಕ್ಕೆ ಕೊಟ್ಟರೂ ಕಡಿಮೆ ಆಗಿಲ್ಲ," ಎಂದು ಅವರು ಕೈಮುಗಿದರು. "ಅಳಿಯಂದ್ರೇ, ಅಗ್ನಿ ನಿಜವಾಗ್ಲೂ ಬಂದಿದ್ದ."

ಬಾಗಿಲು ತೆರೆದು ಹೊರಬಂದಿದ್ದ ಸುಬ್ರಾಯನಿಗೆ ವಿವರಿಸಲು ಎಲ್ಲವೂ ಸಿದ್ಧವಾಗಿತ್ತು. ದೂರು ವಾಪಸಾದದ್ದು, ತಾಳೆಗರಿ, ಬಕೆಟ್ಟು, ಪರೀಕ್ಷೆಯೇ ನಡೆಯದ ಮಾದರಿ. ಬಾಯಿ ತೆರೆದ. ವಂದನಾ ಅವನನ್ನು ನೋಡಿದಳು. ಬಾಯಿ ಮುಚ್ಚಿದ. ಸುಮ್ಮನಿರಬೇಕೆಂಬ ನಿಯಮ ಅವನ ಬಾಳಿನಲ್ಲಿ ಮೀರದೆ ಪಾಲನೆಯಾದದ್ದು ಅದೇ ಮೊದಲು.

ಕೃತಿ ತಾನಾಗಿಯೇ ಮುಂದೆ ಬಂದು, ಹಣೆಯ ಮೇಲಿನ ಕೂದಲನ್ನು ಎತ್ತಿ ಹಿಡಿದುಕೊಂಡು ನಿಂತಳು. ಡೆಕ್ಲನ್ ಬೂಟುಗಳನ್ನು ಗೇಟಿನ ಹೊರಗೇ ಬಿಚ್ಚಿಟ್ಟು ಬಂದ. ಮುಚ್ಚಳದ ಮೇಲಿನ ಅಂಟು ಪಟ್ಟಿಯನ್ನು ಉಗುರಿನಿಂದ ನಿಧಾನವಾಗಿ ಬಿಡಿಸಿದ. ಆಮೇಲೆ ಶೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕಮ್ಮನವರ ಅಂಗೈಯ ಮೇಲಿಟ್ಟ.